ಯಗಚಿ ದಂಡೆಯ ಒಗೆಯುವ ಕಲ್ಲು

ಹೋದ ತಿಂಗಳು ನಮ್ಮ ಮನೆಗೆ ಬಟ್ಟೆ ಒಗೆಯುವ ಮೆಷಿನ್ ಬಂತು. ಹಾಸನದ ನಮ್ಮ ಬೀದಿಯಲ್ಲಿ ಮೆಷಿನ್ ಇಲ್ಲದ ಮನೆ ನಮ್ಮದೊಂದೇ ಉಳಿದಿತ್ತು. ಅದನ್ನು ನೆಂಟರ ಮುಂದೆ ಹೇಳುವಾಗಲೆಲ್ಲ ನನ್ನ ಹೆಂಡತಿ ನನ್ನ ಕಡೆ ನೋಡುತ್ತಿದ್ದ ನೋಟವನ್ನು ನೀವೇ ಊಹಿಸಿಕೊಳ್ಳಿ. ಮೆಷಿನ್ ಕೂರಿಸಲು ಬಂದವರು ಹಿತ್ತಲ ಒಗೆಯುವ ಕಲ್ಲನ್ನು ಎತ್ತಬೇಕು, ನೀರು ಹೋಗುವ ಪೈಪಿಗೆ ಅದೇ ಅಡ್ಡ ಎಂದರು. ಇಬ್ಬರು ಸೇರಿ ಹಾರೆ ಹಾಕಿ ಎತ್ತಿಯೂ ಬಿಟ್ಟರು. ಮನೆ ಕಟ್ಟಿದಾಗಿನಿಂದ ನೆಲಕ್ಕೆ ಅಂಟಿಕೊಂಡಿದ್ದ ಕಲ್ಲು ಅದು. ಮೇಲೆದ್ದ ಕೂಡಲೇ ಅಡಿಯಿಂದ ಬಾರ್ ಸೋಪು, ಪಾಚಿ, ಹಸಿಮಣ್ಣು ಮೂರೂ ಕಲೆತ ಒಂದು ವಾಸನೆ ಬಂತು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ನಾನು ಕುಕ್ಕರಗಾಲಲ್ಲಿ ಕೂತು, ಮಗುಚಿದ ಕಲ್ಲಿನ ಕೆಳಮೈಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದೆ.

"ಏನ್ರೀ ಹುಡುಕ್ತಾ ಇದೀರಿ ಅಲ್ಲಿ?" ಎಂದಳು ಹೆಂಡತಿ.

"ಅಕ್ಷರ" ಎಂದೆ.

ಅವಳು ಮೆಷಿನಿನವರ ಕಡೆ ತಿರುಗಿ, "ಮೇಷ್ಟ್ರಾಗಿದ್ರು. ರಿಟೈರಾಗಿ ಹತ್ತು ವರ್ಷ ಆಯ್ತು, ಕಾಪಿ ತಿದ್ದೋ ಚಾಳಿ ಇನ್ನೂ ಹೋಗಿಲ್ಲ" ಎಂದು ಸಮಜಾಯಿಷಿ ಕೊಟ್ಟಳು. ಅವರು ನಕ್ಕರು. ನಾನೂ ನಕ್ಕೆ. ಆದರೆ ಆ ದಿನವೆಲ್ಲ ಊಟ ಸೇರಲಿಲ್ಲ.

ಯಾಕೆಂದು ಹೇಳಬೇಕಾದರೆ ಮೊದಲು ಯಗಚಿಯ ವಿಷಯ ಹೇಳಬೇಕು. ಯಗಚಿ ನಿಮಗೆ ಗೊತ್ತಿಲ್ಲದಿದ್ದರೂ ತಪ್ಪಲ್ಲ, ಅದು ಹಾಗೆ ತನ್ನನ್ನು ತೋರಿಸಿಕೊಳ್ಳುವ ಹೊಳೆಯಲ್ಲ. ಬಾಬಾಬುಡನ್ ಬೆಟ್ಟದ ಕಡೆ ಹುಟ್ಟಿ, ಬೇಲೂರನ್ನು ಹಾದು, ಹಾಸನದ ಮಗ್ಗುಲಲ್ಲೇ ಸದ್ದಿಲ್ಲದೆ ನುಸುಳಿ, ಗೊರೂರಿನ ಹತ್ತಿರ ಹೇಮಾವತಿಗೆ ಸೇರಿಬಿಡುತ್ತದೆ. ಸೇರುವ ಜಾಗವೂ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಬೇಲೂರಿಗೆ ಬರುವವರು ಮದನಿಕೆಯರನ್ನು ನೋಡಿ, ಗೈಡ್ ಹೇಳಿದ್ದಕ್ಕೆಲ್ಲ ತಲೆದೂಗಿ, ಉಪ್ಪು ಖಾರ ಸವರಿದ ಸೌತೆಕಾಯಿ ತಿಂದು ಬಸ್ಸು ಹತ್ತುತ್ತಾರೆ. ಆ ಗುಡಿ ಕಟ್ಟಿದ ಜನ ಯಾವ ನೀರು ಕುಡಿದರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಸೇತುವೆಯ ಕೆಳಗೆ ಹೊಳೆ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.

ಇನ್ನೊಬ್ಬರನ್ನು ಹೇಳುವುದೇಕೆ, ನಾನೇ ಅದನ್ನು ಹೊಳೆ ಎಂದು ಒಪ್ಪಿಕೊಂಡಿರಲಿಲ್ಲ. ನಾನು ಹೊಳೆನರಸೀಪುರದವನು. ನಮ್ಮ ಮನೆತನ ತಲೆಮಾರುಗಳಿಂದ ನರಸಿಂಹ ದೇವಸ್ಥಾನದ ಬೀದಿಯಲ್ಲಿತ್ತು. ತಾತ ಪಂಚಾಂಗ ಹೇಳುತ್ತಿದ್ದರು, ಅಪ್ಪ ಮೇಷ್ಟರಾಗಿದ್ದರು. ನಮಗೆ ಹೊಳೆ ಎಂದರೆ ಹೇಮಾವತಿ, ಓದು ಎಂದರೆ ನಮ್ಮ ಮನೆಯ ಸ್ವತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ನನಗೆ ಮೊದಲ ಕೆಲಸ ಸಿಕ್ಕಿ ಯಗಚಿ ದಂಡೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಹೋದಾಗ, ಊರ ಮುಂದಿನ ನೀರನ್ನು ನೋಡಿ, "ಈ ಹಳ್ಳಕ್ಕೆ ಹೆಸರೇನು?" ಎಂದು ಕೇಳಿದ ಮಹಾರಾಯ ನಾನು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಹಾಸನದಿಂದ ಬಸ್ಸಿನಲ್ಲಿ ಹೋಗಿ, ಇಳಿದು ಎರಡು ಮೈಲಿ ನಡೆಯಬೇಕಿತ್ತು ಅಂದರೆ ಸಾಕು.

"ಹಳ್ಳ ಅಲ್ಲ ಮೇಷ್ಟ್ರೇ, ಒಳೆ. ಯಗಚಿ ಒಳೆ. ಸ್ರಾವಣದಾಗೆ ಬಂದು ನೋಡಿ, ಆಮೇಲ್ ಹಳ್ಳ ಅನ್ನೀರಂತೆ" ಎಂದು ನಕ್ಕವಳು ಸಣ್ಣಮ್ಮ. ಅವಳ ಮನೆಯ ಜಗುಲಿಗೆ ಸೇರಿದ ಕೋಣೆಯಲ್ಲೇ ನನಗೆ ಬಾಡಿಗೆಗೆ ಜಾಗ ಸಿಕ್ಕಿದ್ದು. ಮೂವತ್ತರ ಆಸುಪಾಸಿನ, ಎತ್ತರದ ಹೆಂಗಸು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಗಂಡ ಬೇಸಾಯ ನೋಡಿಕೊಳ್ಳುತ್ತಿದ್ದ, ಅವಳು ಉಳಿದಿದ್ದನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಆ ವರ್ಷವಷ್ಟೇ ಶಾಲೆಗೆ ಸೇರಿದ ಒಬ್ಬ ಪುಟ್ಟ ಮಗಳಿದ್ದಳು. ನಾನು ಸೀಮೆಎಣ್ಣೆ ಸ್ಟವ್‌ನಲ್ಲಿ ಅನ್ನ ಸೀಯಿಸುವ ವಾಸನೆ ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಬಾಳೆಲೆಯಲ್ಲಿ ಬಿಸಿ ರೊಟ್ಟಿಯನ್ನೂ ಹುಚ್ಚೆಳ್ಳು ಚಟ್ನಿಯನ್ನೂ ತಂದು ಕಿಟಕಿಯಲ್ಲಿಟ್ಟು ಹೋದಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಆ ಕಿಟಕಿಯಲ್ಲಿ ರೊಟ್ಟಿ ಇರುತ್ತಿತ್ತು. ಊರಿಗೆ ಹೋದಾಗ ಅಮ್ಮ, "ಅಲ್ಲಿ ಊಟಕ್ಕೇನೋ ಮಾಡ್ತೀಯ?" ಎಂದರೆ "ನಾನೇ ಬೇಯಿಸಿಕೊಳ್ತೀನಿ" ಎನ್ನುತ್ತಿದ್ದೆ. ಆ ಸುಳ್ಳು ನನ್ನನ್ನು ಅಷ್ಟಾಗಿ ಬಾಧಿಸಿಲ್ಲ.

ಆ ಕಾಲದಲ್ಲಿ ನನಗೆ ಕಲ್ಲಿನ ಹುಚ್ಚು ಹಿಡಿದಿತ್ತು. ಭಾನುವಾರ ಬಂತೆಂದರೆ ಹಾಸನಕ್ಕೆ ಹೋಗಿ ಬಾಡಿಗೆ ಸೈಕಲ್ ಹಿಡಿಯುವುದು, ಒಂದು ವಾರ ದೊಡ್ಡಗದ್ದವಳ್ಳಿ, ಇನ್ನೊಂದು ವಾರ ಮೊಸಳೆ ಎಂಬ ಊರು. ದೊಡ್ಡಗದ್ದವಳ್ಳಿಯ ಲಕ್ಷ್ಮೀ ಗುಡಿಯಲ್ಲಿ ಬೇತಾಳಗಳನ್ನು ನೋಡಿಕೊಂಡು, ಕೆರೆ ಏರಿಯ ಮೇಲೆ ಕೂತು ಚಿತ್ರಾನ್ನ ತಿಂದರೆ ನನಗೆ ಸ್ವರ್ಗ. ಮೊಸಳೆಯ ಜೋಡಿ ಗುಡಿಗಳ ಮುಂದೆ ನಿಂತು, ಅಣ್ಣ ತಮ್ಮಂದಿರು ಜಗಳವಾಡದೆ ಇಷ್ಟು ವರ್ಷ ಒಂದೇ ಅಂಗಳದಲ್ಲಿ ಇರುವುದು ದೇವರಿಗೆ ಮಾತ್ರ ಸಾಧ್ಯ ಎಂದು ಯೋಚಿಸಿದ್ದುಂಟು. ಶಾಸನಗಳ ಮೇಲೆ ಸೀಮೆಸುಣ್ಣ ಉಜ್ಜಿ ಓದಲು ಹೆಣಗುತ್ತಿದ್ದೆ. ನಾಲ್ಕು ಪದ ಹೊಂದಿದರೆ ವಾರವೆಲ್ಲ ಬೀಗುತ್ತಿದ್ದೆ. ಇವೆಲ್ಲ ಎಲ್ಲರೂ ನೋಡಿದ ಕಲ್ಲುಗಳು, ಯಾರೂ ನೋಡದ ಒಂದು ಕಲ್ಲು ನನಗೇ ಸಿಗಬಾರದೆ ಎಂಬ ಆಸೆ ಒಳಗೊಳಗೇ ಇತ್ತು.

ಸಿಕ್ಕಿತು. ದೀಪಾವಳಿ ರಜ ಮುಗಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ಹೊಳೆಗೆ ಇಳಿದೆ. ಮಳೆಗಾಲದ ನೀರು ಇಳಿದು ಯಗಚಿ ತಿಳಿಯಾಗಿತ್ತು. ಹೆಂಗಸರು ಬಟ್ಟೆ ಒಗೆಯುವ ಜಾಗದಲ್ಲಿ ಏಳೆಂಟು ಜನ ಗುಂಪಾಗಿದ್ದರು. ನಡುವೆ ಆಳುದ್ದದ ಒಂದು ಚಪ್ಪಡಿ ಮಲಗಿತ್ತು. ಪಕ್ಕದಲ್ಲಿ ಬಟ್ಟೆಯ ರಾಶಿ. ಸಣ್ಣಮ್ಮ ಸೀರೆ ಎತ್ತಿ ಕಟ್ಟಿ, ಚಪ್ಪಡಿಯ ಮೇಲೆ ಬಗ್ಗಿ, ಸೋಪಿನ ನೊರೆ ಬರಿಸಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ನೊರೆ ಜಾರಿದಲ್ಲಿ ಅಕ್ಷರ ಕಂಡಿತು. ಒಂದಲ್ಲ ಎರಡಲ್ಲ, ಮೇಲಿನಿಂದ ಕೆಳಗಿನವರೆಗೆ ಸಾಲುಸಾಲು ಹಳಗನ್ನಡ ಅಕ್ಷರ, ಮೇಲುಗಡೆ ಸೂರ್ಯ ಚಂದ್ರ, ಹಸು ಕರು.

ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. "ಏನು ಮಾಡ್ತಿದ್ದೀರಿ ನೀವು! ಶಾಸನದ ಮೇಲೆ ಬಟ್ಟೆ ಒಗೀತೀರಾ? ಬಿಡಿ, ಕೈ ಬಿಡಿ ಅದನ್ನ!" ಎಂದು ದಂಡೆಯಿಂದಲೇ ಕೂಗಿದೆ.

"ಅಲ್ಲ ಮೇಷ್ಟ್ರೇ, ಇದು ಒಗಿಯಾದಲ್ಲ, ಇವತ್ತು..." ಎಂದು ಸಣ್ಣಮ್ಮ ಏನೋ ಹೇಳಲು ಬಂದಳು.

"ಏನೂ ಹೇಳಬೇಡಿ. ಎಂಟುನೂರು ವರ್ಷದ್ದಿರಬಹುದು ಇದು. ನಿಮಗೆ ಗೊತ್ತಾಗಲ್ಲ" ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಣ್ಣಮ್ಮ ನಾರನ್ನು ನೀರಿನಲ್ಲಿ ಅದ್ದಿ ಹಿಂಡಿ, ಬುಟ್ಟಿಗೆ ಹಾಕಿಕೊಂಡು ಎದ್ದಳು. ಬುಟ್ಟಿಯಲ್ಲಿ ಅರಿಶಿನದ ಬಟ್ಟಲು ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಹೊಳೆಗೆ ಬರುವ ಹೆಂಗಸು ಅರಿಶಿನ ಯಾಕೆ ತಂದಳು ಎಂದು ಕೇಳುವಷ್ಟು ಬುದ್ಧಿ ಅಂದು ನನಗೆ ಇರಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ನಾನು ಅಲ್ಲಿ ಇಲ್ಲಿ ಪತ್ರ ಬರೆದೆ. ಶಾಸನ ಓದಬಲ್ಲ ಒಬ್ಬ ಹಿರಿಯರು ಮೈಸೂರಿನಿಂದ ಬಂದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಲ್ಲಿ ಬಡಿದು, ಮಸಿ ಒತ್ತಿ ಅಚ್ಚು ತೆಗೆದರು. ಊರಿನ ಗಾವುಂಡನೊಬ್ಬ ಕೆರೆಗೆ ತೂಬು ಇಡಿಸಿ, ಅದರ ದುರಸ್ತಿಗೆಂದು ಗದ್ದೆ ಬಿಟ್ಟ ಸಂಗತಿ ಅದರಲ್ಲಿತ್ತು. ಕೊನೆಯಲ್ಲಿ, ಇದನ್ನು ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಹಸು ಕೊಂದ ಪಾಪ ಬರುತ್ತದೆ ಎಂಬ ಎಂದಿನ ಶಾಪ. ಆ ಹಿರಿಯರು ಕನ್ನಡಕ ತೆಗೆದು, "ಆಶ್ಚರ್ಯ ಕಣ್ರೀ, ಒಂದಕ್ಷರವೂ ಸವೆದಿಲ್ಲ" ಎಂದರು. ಕಲ್ಲನ್ನು ಎತ್ತಿಸಿ ಹಿಂಭಾಗ ಸವರಿ, "ಬೆನ್ನು ನೋಡಿ ಹೇಗೆ ನುಣ್ಣಗಾಗಿದೆ" ಎಂದೂ ಅಂದರು. ನಾನು "ಹೌದು ಸಾರ್, ನಮ್ಮ ಅದೃಷ್ಟ" ಎಂದೆ. ಲೆಕ್ಕದಲ್ಲಿ ತಪ್ಪು ಮಾಡಿದ ಮಕ್ಕಳ ಕಿವಿ ಹಿಂಡುತ್ತಿದ್ದವನು ನಾನು. ಬೆನ್ನು ಸವೆದಿದೆ, ಮುಖ ಸವೆದಿಲ್ಲ ಅಂದರೆ ಬಟ್ಟೆ ಒಗೆದದ್ದು ಯಾವುದರ ಮೇಲೆ ಎಂಬ ಸುಲಭದ ಲೆಕ್ಕ ನನಗೆ ಹೊಳೆಯಲಿಲ್ಲ.

ಕಲ್ಲನ್ನು ಶಾಲೆಯ ಅಂಗಳಕ್ಕೆ ಸಾಗಿಸಲು ಗಾಡಿ ಎತ್ತು ಕೊಟ್ಟವನು ಸಣ್ಣಮ್ಮನ ಗಂಡ. ಅದನ್ನು ನಿಲ್ಲಿಸಿದ ಮೇಲೆ ಪಕ್ಕದಲ್ಲಿ ಒಂದು ಬೋರ್ಡು ಬೇಡವೆ? ತಗಡಿನ ಮೇಲೆ ಬಣ್ಣದಲ್ಲಿ ಬರೆಸಿದ್ದರೆ ನಾಲ್ಕು ಮಳೆಗೆ ಅಳಿಸಿ ಹೋಗಿ ನಾನು ಬಚಾವಾಗುತ್ತಿದ್ದೆ. ಆದರೆ ನನಗೆ ಶಾಶ್ವತವಾಗಿ ಉಳಿಯುವ ಹಂಬಲ. ಹಾಸನದಲ್ಲಿ ಕಡಪಾ ಕಲ್ಲಿನ ಮೇಲೆ ಕೆತ್ತಿಸಿದೆ. ವಾಕ್ಯ ನನ್ನದೇ: "ಗ್ರಾಮಸ್ಥರ ಅಜ್ಞಾನದಿಂದ ಬಟ್ಟೆ ಒಗೆಯುವ ಕಲ್ಲಾಗಿ ಹಾಳಾಗುತ್ತಿದ್ದ ಈ ಪ್ರಾಚೀನ ಶಾಸನವನ್ನು ಈ ಶಾಲೆಯ ಅಧ್ಯಾಪಕರು ಗುರುತಿಸಿ, ರಕ್ಷಿಸಿ, ಇಲ್ಲಿ ಸ್ಥಾಪಿಸಿದರು." ಹಾಸನದ ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಹೆಂಗಸರಿಗೆ ಒಗೆಯುವ ಕಲ್ಲು ಹೋಯಿತು. ಸ್ವಲ್ಪ ಕೆಳಗೆ ಒಂದು ಒರಟು ಬಂಡೆಯ ಮೇಲೆ ಒಗೆಯತೊಡಗಿದರು. "ಹೊಸಾ ಪಂಚೆ ಎಲ್ಡೇ ತಿಂಗ್ಳಿಗೆ ಜಾಲರಿ ಆಯ್ತು ನೋಡಿ ಮೇಷ್ಟ್ರೇ" ಎಂದು ಸಣ್ಣಮ್ಮ ಗಂಡನ ಪಂಚೆಯನ್ನು ಬೆಳಕಿಗೆ ಹಿಡಿದು ತೋರಿಸಿದ್ದಳು. ಕಿಟಕಿಯಲ್ಲಿ ರೊಟ್ಟಿ ಮಾತ್ರ ತಪ್ಪಲಿಲ್ಲ.

ಮುಂದಿನ ವರ್ಷದ ಕಾರ್ತಿಕದಲ್ಲಿ ಒಂದು ದಿನ ಶಾಲೆ ಬಿಟ್ಟ ಮೇಲೆ ಅದೇ ಏಳೆಂಟು ಹೆಂಗಸರು ಅಂಗಳಕ್ಕೆ ಬಂದರು. ಕೊಡದಲ್ಲಿ ಹೊಳೆಯ ನೀರು ತಂದಿದ್ದರು. ಶಾಸನವನ್ನು ತಲೆಯಿಂದ ಬುಡದವರೆಗೆ ತೊಳೆದು, ಪ್ರತಿ ಸಾಲನ್ನೂ ನಾರಿನಲ್ಲಿ ಮೆಲ್ಲಗೆ ತಿಕ್ಕಿ, ಅರಿಶಿನ ಕುಂಕುಮ ಇಟ್ಟರು. ನಾನು ರಿಜಿಸ್ಟರ್ ಮುಚ್ಚಿ ಹೊರಗೆ ಬಂದು, "ಇದೇನು ಸಣ್ಣಮ್ಮ, ಹೊಸ ಪೂಜೆ ಶುರು ಮಾಡಿದ್ದೀರಿ?" ಎಂದು ನಗುತ್ತಾ ಕೇಳಿದೆ.

"ಹೊಸ್ದಲ್ಲ ಮೇಷ್ಟ್ರೇ. ಮೊದ್ಲು ಒಳೇಲೇ ಮಾಡ್ತಿದ್ದೋ. ನೀರು ಇಳುದ್ ಮ್ಯಾಕೆ ವರ್ಸಕ್ಕೊಂದ್ ಸಲ ಕಲ್ಲೆತ್ತಿ, ಅಕ್ಸರಕ್ಕೆ ಮೆತ್ಕಂಡಿರೋ ಕೆಸ್ರು ತೊಳ್ದು, ಅರಿಸ್ನ ಇಟ್ಟು, ತಿರ್ಗಾ ಅಕ್ಸರ ಕೆಳೀಕ್ ಮಾಡಿ ಮನಗಿಸ್ತಿದ್ದೋ. ಒಗಿಯಾದು ಬೆನ್ನಿನ್ ಮ್ಯಾಲೆ. ಅಕ್ಸರದ್ ಮ್ಯಾಲೆ ಕಾಲಿಕ್ಬಾರ್ದು, ಬಟ್ಟೆ ಬಡೀಬಾರ್ದು ಅಂತ ನಮ್ಮತ್ತೆ ಯೋಳ್ಕೊಟ್ಟಿದ್ರು. ಅವ್ರಿಗೆ ಅವ್ರತ್ತೆ ಯೋಳಿದ್ರಂತೆ."

"ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಯೋಳಕ್ ಬಂದೆ. ನೀವ್ ಬುಡ್ಲಿಲ್ವಲ್ಲ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಅಂದಳು.

ನಾನು ಹೊಳೆಯಲ್ಲಿ ಕಂಡದ್ದು ಒಗೆತವಲ್ಲ, ವರ್ಷಕ್ಕೊಮ್ಮೆ ನಡೆಯುವ ಆ ಸೇವೆ. ಅಕ್ಷರ ಬಾರದ ಹೆಂಗಸರು ಅತ್ತೆಯಿಂದ ಸೊಸೆಗೆ ಒಂದು ಮಾತನ್ನು ದಾಟಿಸಿಕೊಂಡು ಆ ಸಾಲುಗಳನ್ನು ಉಳಿಸಿದ್ದರು. ಅವರ ಪಕ್ಕದಲ್ಲೇ ನನ್ನ ಕಡಪಾ ಕಲ್ಲು ಅವರನ್ನು ಅಜ್ಞಾನಿಗಳೆಂದು ಕರೆಯುತ್ತಾ ನಿಂತಿತ್ತು. ಅದನ್ನು ಅಂದೇ ಕೀಳಿಸಬೇಕಿತ್ತು. ಕೀಳಿಸಲಿಲ್ಲ. ಶಾಲು ಹೊದಿಸಿದವರು ಏನೆಂದುಕೊಂಡಾರು, ಅಪ್ಪನಿಗೆ ಏನು ಹೇಳುವುದು ಎಂದು ಹೆದರಿದೆ. ಕೊನೆಗೆ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ: ಹೇಗೂ ಇವರಿಗೆ ಓದಲು ಬರುವುದಿಲ್ಲ, ಅಲ್ಲಿ ಏನು ಬರೆದಿದ್ದರೆ ಇವರಿಗೇನು? ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ನಾಲ್ಕು ತಿಂಗಳಿಗೆ ನನಗೆ ವರ್ಗವಾಯಿತು.

ಅಲ್ಲಿಂದ ಅರಕಲಗೂಡು, ಚನ್ನರಾಯಪಟ್ಟಣ, ಮತ್ತೆ ಹಾಸನ. ಹೋದಲ್ಲೆಲ್ಲ ನಾನು "ಶಾಸನದ ಮೇಷ್ಟ್ರು." ಅರಕಲಗೂಡಿನಲ್ಲಿದ್ದಾಗ ಮಕ್ಕಳನ್ನು ರಾಮನಾಥಪುರದ ಕಾವೇರಿಗೆ ಕರೆದುಕೊಂಡು ಹೋಗುತ್ತಿದ್ದೆ. ಚನ್ನರಾಯಪಟ್ಟಣದಲ್ಲಿದ್ದಾಗ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿಸಿ, ಬಂಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, "ಇವನ್ನು ಕಾಪಾಡುವುದು ನಮ್ಮ ಕರ್ತವ್ಯ" ಎಂದು ಭಾಷಣ ಬಿಗಿಯುತ್ತಿದ್ದೆ. ಹಾಗೆ ಹೇಳುವಾಗಲೆಲ್ಲ ಒದ್ದೆ ನಾರು ಹಿಂಡುವ ಸಣ್ಣಮ್ಮನ ಕೈ ನೆನಪಾಗಿ ಮಾತು ತಡವರಿಸುತ್ತಿತ್ತು. ಮಕ್ಕಳು ಬೆಟ್ಟ ಹತ್ತಿದ ಆಯಾಸ ಅಂದುಕೊಳ್ಳುತ್ತಿದ್ದರು. ಹಾಸನದಿಂದ ಆ ಊರು ಒಂದು ಗಂಟೆಯ ದಾರಿ. ನಲವತ್ತೈದು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ.

ಮೆಷಿನ್ ಬಂದ ದಿನ ಸಂಜೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಮದುವೆಯಾಗಿ ನಲವತ್ತು ವರ್ಷ ಆಯ್ತು. ಆ ಶಾಲು ಹೊದ್ದ ಫೋಟೋ ನಾನೇ ದಿನಾ ಒರೆಸ್ತೀನಿ. ಒಂದು ದಿನ ಹೇಳಲಿಲ್ಲವಲ್ಲ ನೀವು" ಎಂದಳು. ಆಮೇಲೆ, "ಅವರು ಇದ್ದಾರೋ ಇಲ್ಲವೋ ನೋಡೋಣ. ನಡೀರಿ ಭಾನುವಾರ. ಹೆಂಗಸರಿಗೆ ಬಸ್ಸು ಫ್ರೀ, ನಿಮ್ಮ ತಪ್ಪಿಗೆ ನೀವು ಟಿಕೆಟ್ ತಗೊಳ್ಳಿ" ಎಂದಳು.

ಸಣ್ಣಮ್ಮ ಇದ್ದಳು. ಎಪ್ಪತ್ತೈದು ದಾಟಿದೆ, ಬೆನ್ನು ಬಾಗಿದೆ, ಈಗ ಬಾಗಿಲಲ್ಲಿ ತಲೆ ಬಗ್ಗಿಸಬೇಕಾಗಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ಅನ್ನ ಸೀಯಿಸೋ ಮೇಷ್ಟ್ರಲ್ವಾ?" ಎಂದಳು. ನನ್ನ ಹೆಂಡತಿಗೆ ಅದು ತುಂಬಾ ಹಿಡಿಸಿತು. ಕಾಫಿ ಕುಡಿದೆವು. ನಾನು ಹೇಳಬೇಕೆಂದು ಬಂದದ್ದನ್ನು ಬಿಟ್ಟು ಮಳೆ ಬೆಳೆಯ ಮಾತಾಡುತ್ತಿದ್ದೆ. ಸಣ್ಣಮ್ಮನೇ, "ನಡೀರಿ, ನಿಮ್ ಕಲ್ಲು ನೋಡ್ಕಂಡ್ ಬರಾನ" ಎಂದು ಕೋಲು ಹಿಡಿದು ಎದ್ದಳು.

ಶಾಲೆಗೆ ಹೊಸ ಕಟ್ಟಡ ಬಂದಿದೆ. ಶಾಸನ ಅದೇ ಜಾಗದಲ್ಲಿದೆ, ಸಾಲುಗಳ ನಡುವೆ ಅರಿಶಿನ ಇನ್ನೂ ಇತ್ತು. ಪಕ್ಕದಲ್ಲಿ ನನ್ನ ಕಡಪಾ ಕಲ್ಲು. ಒಂದು ಅಕ್ಷರವೂ ಅಳಿಸಿರಲಿಲ್ಲ. ಸಣ್ಣಮ್ಮ ಅದರ ಮುಂದೆ ನಿಂತು, ಕೋಲಿನಿಂದ ತೋರಿಸಿ, "ಏನ್ ಬರ್ದೈತೆ ಮೇಷ್ಟ್ರೇ ಇದ್ರಾಗೆ? ನೀವೇ ಬರ್ಸಿದ್ದಲ್ವಾ. ಒಂದ್ ಸಲ ಓದಿ, ಕೇಳಾನ" ಎಂದಳು.

ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅಜ್ಞಾನ ಎಂಬ ಆ ಪದವನ್ನು ಅವಳ ಮುಖ ನೋಡಿಕೊಂಡು ಬಾಯಿಂದ ಹೊರಡಿಸಲು ನನಗೆ ಆಗಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, ಕಲ್ಲಿನ ಮೇಲೆ ಬೆರಳಾಡಿಸುತ್ತಾ ಓದಿದೆ: "ಈ ಶಾಸನವನ್ನು ಈ ಊರಿನ ಹೆಂಗಸರು ತಲೆತಲಾಂತರದಿಂದ, ಒಂದು ಅಕ್ಷರಕ್ಕೂ ಪೆಟ್ಟಾಗದಂತೆ, ಹೊಳೆಯಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದರು."

ನನ್ನ ಹೆಂಡತಿ ಕಲ್ಲನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಸಣ್ಣಮ್ಮ ಕೋಲಿನ ಮೇಲೆ ಎರಡೂ ಕೈ ಊರಿದಳು. "ನಮ್ ಗೌರಿ ಇಂಗ್ ಓದ್ಲಿಲ್ಲ ಮೇಷ್ಟ್ರೇ" ಎಂದಳು.

"ಯಾವ ಗೌರಿ?"

"ನನ್ ಮಗ್ಳು. ಒಂದ್ನೇ ಕ್ಲಾಸಿಗೆ ನಿಮ್ತಾವೇ ಸೇರ್ಸಿದ್ನಲ್ಲ. ನೀವೇ ಕೈ ಇಡ್ದು ತಿದ್ದಿಸಿದ್ರಿ. ಎಲ್ಡನೇ ಕ್ಲಾಸಿಗ್ ಬರೋವತ್ಗೆ ಕೂಡ್ಸಿ ಕೂಡ್ಸಿ ಓದೋಳು. ಅವಳು ನಂಗೆ ಮೊದ್ಲು ಓದಿ ಯೋಳಿದ್ದೇ ಈ ಕಲ್ಲು. ಅಜ್ಞಾನ ಅಂದ್ರೆ ಏನವ್ವಾ ಅಂತ ಕೇಳ್ತು. ನಂಗೂ ಗೊತ್ತಿಲ್ಲ ಕಣವ್ವ, ಮೇಷ್ಟ್ರುನ್ನೇ ಕೇಳು ಅಂದೆ. ಕೇಳ್ಲಿಲ್ವಾ ನಿಮ್ಮ?"

ಕೇಳಿರಲಿಲ್ಲ. ಮಗುವಿಗೆ ಹೆದರಿಕೆಯಾಗಿರಬೇಕು. ಗೌರಿ ಎರಡನೆಯ ಕ್ಲಾಸಿನಲ್ಲಿದ್ದದ್ದು ಯಾವ ವರ್ಷ ಎಂದು ಮನಸ್ಸು ತಾನೇ ಹಿಂದಕ್ಕೆ ಹೋಯಿತು. ಪಂಚೆ ಬೆಳಕಿಗೆ ಹಿಡಿದು ತೋರಿಸಿದ ವರ್ಷ. ಶಾಲೆಯ ಅಂಗಳದಲ್ಲಿ ಶಾಸನ ತೊಳೆದ ವರ್ಷ. ಆ ವರ್ಷವೆಲ್ಲ ದಿನಾ ಬೆಳಿಗ್ಗೆ ಬಾಳೆಲೆಯಲ್ಲಿ ರೊಟ್ಟಿ ಇಟ್ಟು ಹೋದವಳು, ನಾನು ಅವಳನ್ನು ಏನೆಂದು ಕರೆದಿದ್ದೇನೆ ಎಂಬುದನ್ನು ತಿಳಿದುಕೊಂಡೇ ಇಟ್ಟು ಹೋಗಿದ್ದಳು. ನನಗೆ ಅಳು ಬಂತು. ಎಪ್ಪತ್ತು ವರ್ಷದವನು ಶಾಲೆಯ ಅಂಗಳದಲ್ಲಿ ನಿಂತು ಕಣ್ಣೀರು ಹಾಕಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ತಪ್ಪಾಯ್ತು ಸಣ್ಣಮ್ಮ" ಎಂದೆ.

"ಇರ್ಲಿ ಬುಡಿ, ಆಗ ಇನ್ನೂ ಸಣ್ಣೋರು ನೀವು" ಎಂದಳು. "ಈಗ್ ಓದುದ್ರಲ್ಲ, ಅದು ಚಂದಾಗೈತೆ. ಅಂಗೇ ಕೆತ್ಸಿ. ನಮ್ಮತ್ತೆ ಹೆಸ್ರೂ ಸೇರ್ಸಿ."

ಅವರ ಹೆಸರನ್ನು ನಾನು ಎಂದೂ ಕೇಳಿರಲೇ ಇಲ್ಲ. "ಏನು ಅವರ ಹೆಸರು?" ಎಂದೆ.

"ಮಲ್ಲಮ್ಮ."

ಜೇಬಿನಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡೆ. ಸಣ್ಣಮ್ಮ ಹತ್ತಿರ ಬಂದು ಆ ಹಾಳೆಯನ್ನು ಬಗ್ಗಿ ನೋಡಿದಳು.

"ಏನ್ ಬರ್ಕಂಡ್ರಿ, ಓದಿ" ಎಂದಳು.

"ಮಲ್ಲಮ್ಮ" ಎಂದೆ. ಈ ಸಲ ಬರೆದದ್ದನ್ನೇ ಓದಿದೆ.